ಗ್ರಾಮೀಣ ಕುಟುಂಬಗಳು ಮತ್ತು ಆರ್ಥಿಕ ಆಘಾತಗಳು: ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ, ಬೆಳೆ ರೋಗ, ಮಾರುಕಟ್ಟೆ ದರ, ಮನೆಯವರ ಆರೋಗ್ಯ, ದೂರದ ಊರಿನ ಕೂಲಿ, ಇವುಗಳಲ್ಲಿ ಯಾವುದಾದರೊಂದು ಕೈಕೊಟ್ಟಾಗ ನಮ್ಮ ಮೂರು ಜಿಲ್ಲೆಗಳ ಹಳ್ಳಿಯ ಕುಟುಂಬಗಳು ಏಕೆ ಕುಸಿಯುತ್ತವೆ, ಯಾವುದು ಅವನ್ನು ಹಿಡಿದು ನಿಲ್ಲಿಸುತ್ತದೆ ಎಂಬ ಬಗ್ಗೆ ರೈತರು, ಸ್ವಸಹಾಯ ಸಂಘದ ಸದಸ್ಯೆಯರು, ಪಂಚಾಯಿತಿ ಸದಸ್ಯರು ಮತ್ತು ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಯೋಜನೆಗಳ ಮೊತ್ತ ಮತ್ತು ನಿಯಮಗಳು ಆಗಾಗ ಬದಲಾಗುತ್ತವೆ. ಆದ್ದರಿಂದ ಅರ್ಜಿ ಹಾಕುವ ಮುನ್ನ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ನಾಡಕಚೇರಿಯಲ್ಲಿ ಆ ಹಂಗಾಮಿನ ಆದೇಶವನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಬಡತನ ಮತ್ತು ಆರ್ಥಿಕ ಆಘಾತಕ್ಕೆ ಈಡಾಗುವ ಸ್ಥಿತಿ, ಎರಡೂ ಒಂದೇ ಅಲ್ಲವೇ?

ಅಲ್ಲ. ಬಡತನವು ಕುಟುಂಬ ಇಂದು ಎಲ್ಲಿದೆ ಎಂಬುದನ್ನು ಹೇಳುತ್ತದೆ. ಎರಡನೆಯದು ನಾಳೆ ಒಂದು ಹೊಡೆತ ಬಿದ್ದರೆ ಅದು ಎಲ್ಲಿಗೆ ಜಾರುತ್ತದೆ ಎಂಬುದನ್ನು ಹೇಳುತ್ತದೆ. ಎಂಟು ಎಕರೆ ಕಪ್ಪು ಭೂಮಿ, ಒಂದು ಜೋಡಿ ಎತ್ತು, ಗಟ್ಟಿ ಮನೆ ಇರುವ ಒಕ್ಕಲು ಕುಟುಂಬವನ್ನು ಯಾರೂ ಬಡವರೆಂದು ಎಣಿಸುವುದಿಲ್ಲ. ಆದರೆ ಆ ಎಂಟು ಎಕರೆಯಲ್ಲೂ ತೊಗರಿಯನ್ನೇ ಬಿತ್ತಿದ್ದು, ಬೀಜ ಗೊಬ್ಬರಕ್ಕೆ ಅಡತಿ (ದಲ್ಲಾಳಿ) ಅಂಗಡಿಯಿಂದ ತಂದ ಹಣ ತಲೆಯ ಮೇಲಿದ್ದರೆ, ಒಂದು ಹಂಗಾಮಿನ ಸೋಲು ಆ ಕುಟುಂಬವನ್ನು ಐದು ವರ್ಷ ಹಿಂದಕ್ಕೆ ತಳ್ಳಬಲ್ಲದು. ಅದೇ ಊರಿನಲ್ಲಿ ಒಂದೂವರೆ ಎಕರೆ ಹೊಲ, ಎರಡು ಎಮ್ಮೆ ಮತ್ತು ಅಂಗನವಾಡಿ ಸಹಾಯಕಿಯ ಗೌರವಧನವನ್ನು ನಂಬಿದ ಮನೆಯ ಒಟ್ಟು ಆದಾಯ ಕಡಿಮೆಯಿದ್ದರೂ ಅದೇ ಸೋಲಿಗೆ ಅದು ಅಷ್ಟು ಅಲುಗಾಡುವುದಿಲ್ಲ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿದಾಗ, ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪೈಕಿ 21 ಅಂದಿನ ಗುಲ್ಬರ್ಗಾ ವಿಭಾಗದಲ್ಲಿದ್ದವು. ನೀತಿ ಆಯೋಗದ ಬಹುಆಯಾಮದ ಬಡತನ ಸೂಚ್ಯಂಕದಲ್ಲಿ ಯಾದಗಿರಿ ರಾಜ್ಯದ ಬೇರೆಲ್ಲ ಜಿಲ್ಲೆಗಳಿಗಿಂತ ಕೆಳಗಿದೆ. ಇಂಥ ಲೆಕ್ಕಗಳು ಬೇಕು. ಆದರೆ ಬಡವರ ಪಟ್ಟಿಯ ಹೊರಗಿರುವವರಲ್ಲಿ ಎಷ್ಟು ಮನೆಗಳು ಅಂಚಿನಲ್ಲಿ ನಿಂತಿವೆ ಎಂಬುದು ಅವುಗಳಿಂದ ತಿಳಿಯುವುದಿಲ್ಲ, ಮತ್ತು ಸಹಾಯ ತಡವಾಗಿ ಬರುವುದಕ್ಕೆ ಈ ಕುರುಡು ಜಾಗವೂ ಒಂದು ಕಾರಣ.

ನಮ್ಮ ಭಾಗದಲ್ಲಿ ಆಘಾತಗಳು ಮುಖ್ಯವಾಗಿ ಎಲ್ಲಿಂದ ಬರುತ್ತವೆ?

ಪಟ್ಟಿ ಮಾಡುವುದು ಸುಲಭ: ಮಳೆ ಬಾರದಿರುವುದು, ಕೊಯ್ಲಿನ ಹೊತ್ತಿಗೆ ಬರುವ ಮಳೆ, ಭೀಮಾ ಮತ್ತು ಕೃಷ್ಣಾ ನದಿಗಳ ಪ್ರವಾಹ, ತೊಗರಿಯ ನೆಟೆ ರೋಗ ಮತ್ತು ಕಾಯಿಕೊರಕ, ದರ ಕುಸಿತ, ದುಡಿಯುವವರ ಕಾಯಿಲೆ ಅಥವಾ ಸಾವು, ಗುಳೆ ಹೋದ ಊರಿನಲ್ಲಿ ಕೆಲಸ ನಿಲ್ಲುವುದು. ಪಟ್ಟಿಗಿಂತ ಮುಖ್ಯವಾದುದು ಇವು ಬರುವ ಸರದಿ. 2022ರ ಮುಂಗಾರಿನ ತೊಗರಿಯನ್ನು ನೆಟೆ ರೋಗ ಒಣಗಿಸಿತು. 2023ರಲ್ಲಿ ಬರ ಬಂದು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. 2025ರ ಮಾರಾಟದ ಕಾಲದಲ್ಲಿ ತೊಗರಿ ದರ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಅದೇ ವರ್ಷದ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಅತಿವೃಷ್ಟಿ ಮತ್ತು ಭೀಮಾ ಪ್ರವಾಹ ನಿಂತ ಬೆಳೆಯನ್ನು ಕೊಳೆಸಿದವು. ಇವುಗಳಲ್ಲಿ ಯಾವುದೊಂದನ್ನಾದರೂ ಪ್ರತ್ಯೇಕವಾಗಿ ತಡೆದುಕೊಳ್ಳುವ ಕುಟುಂಬಗಳು ಬಹಳ ಇವೆ. ಒಂದರ ಸಾಲ ತೀರುವ ಮೊದಲೇ ಇನ್ನೊಂದು ಎರಗಿದಾಗ ತಡೆದುಕೊಳ್ಳುವವರು ಕಡಿಮೆ.

ಎರಡನೆಯ ತೊಡಕು, ಈ ಹೊಡೆತಗಳಲ್ಲಿ ಹೆಚ್ಚಿನವು ಊರಿಗೆ ಊರನ್ನೇ ಒಟ್ಟಿಗೆ ತಟ್ಟುತ್ತವೆ. ಒಬ್ಬರ ಮನೆಯಲ್ಲಿ ಕಾಯಿಲೆಯಾದರೆ ಅಣ್ಣತಮ್ಮಂದಿರು, ಬೀಗರು, ನೆರೆಯವರು ಕೈಗಡ ಕೊಡಬಲ್ಲರು; ಬರ ಬಂದಾಗ ಕೈಗಡ ಕೊಡಬೇಕಾದವರ ಹೊಲವೂ ಒಣಗಿರುತ್ತದೆ. ನೆಂಟಸ್ತಿಕೆ ಮತ್ತು ನೆರೆಹೊರೆ ನಮ್ಮ ಹಳ್ಳಿಗಳ ಅತ್ಯಂತ ಹಳೆಯ ವಿಮೆ. ಆದರೆ ಎಲ್ಲರೂ ಒಂದೇ ದಿನ ಕೈಚಾಚಿದರೆ ಅದು ಕೆಲಸ ಮಾಡುವುದಿಲ್ಲ.

ತೊಗರಿಯೇ ನಮ್ಮ ಬಲವಲ್ಲವೇ? ಅದನ್ನು ಅಪಾಯ ಎನ್ನುವುದು ಹೇಗೆ?

ಬಲವೂ ಹೌದು, ಅಪಾಯವೂ ಹೌದು. ಕಲಬುರಗಿಯನ್ನು ತೊಗರಿಯ ಕಣಜ ಎನ್ನುವುದಕ್ಕೆ ಕಾರಣವಿದೆ: ಇಲ್ಲಿನ ಆಳವಾದ ಕಪ್ಪು ಮಣ್ಣು ತೇವವನ್ನು ಹಿಡಿದಿಡುತ್ತದೆ, ಬೆಳೆಯ ಬೇರು ಆಳಕ್ಕೆ ಇಳಿಯುತ್ತದೆ, ನೀರಾವರಿ ಬೇಕಿಲ್ಲ, ಮತ್ತು 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಆದರೆ ಜೂನ್ ಜುಲೈನಲ್ಲಿ ಬಿತ್ತಿದ ತೊಗರಿ ಕಣಕ್ಕೆ ಬರುವುದು ಡಿಸೆಂಬರ್ ಜನವರಿಯಲ್ಲಿ. ಆರು ತಿಂಗಳು ಹೊಲದಲ್ಲಿ ನಿಂತಿರುವ ಬೆಳೆಗೆ ರೋಗ, ಕೀಟ, ಮಂಜು, ಅಕಾಲ ಮಳೆ ಎಲ್ಲವೂ ಕಾದಿರುತ್ತವೆ, ಮತ್ತು ವರ್ಷದ ನಗದು ಆದಾಯವೆಲ್ಲ ಎಳ್ಳಮಾವಾಸ್ಯೆಯ ಆಸುಪಾಸಿನ ಕೆಲವು ವಾರಗಳಲ್ಲಿ ನಿರ್ಧಾರವಾಗಿಬಿಡುತ್ತದೆ.

ಬೆಳೆ ಕಡಿಮೆಯಾದಾಗ ದರ ಏರಿ ನಷ್ಟ ತುಂಬಿಕೊಳ್ಳುತ್ತದೆ ಎಂಬ ನಂಬಿಕೆ ತೊಗರಿಯ ವಿಷಯದಲ್ಲಿ ಅರ್ಧ ಮಾತ್ರ ನಿಜ. ಭಾರತವು ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾ, ಮಲಾವಿಗಳಿಂದ ತೊಗರಿ ತರಿಸಿಕೊಳ್ಳುತ್ತದೆ. ಸುಂಕವಿಲ್ಲದೆ ಆ ತೊಗರಿ ಬಂದರಿಗೆ ಇಳಿಯುತ್ತಿದ್ದರೆ, ಚಿತ್ತಾಪುರದ ಹೊಲ ಒಣಗಿದ್ದಕ್ಕೂ ಕಲಬುರಗಿ ಎಪಿಎಂಸಿಯ ದರಕ್ಕೂ ನೇರ ನಂಟು ಉಳಿಯುವುದಿಲ್ಲ. ಇನ್ನು ದರ ನಿಜಕ್ಕೂ ಏರಿ ಕ್ವಿಂಟಲ್‌ಗೆ 10,000 ರೂಪಾಯಿ ದಾಟಿದ 2023ರಲ್ಲಿ ಅನೇಕ ಸಣ್ಣ ರೈತರ ಬಳಿ ಮಾರಲು ಕಾಳೇ ಇರಲಿಲ್ಲ.

2016-17ರ ಅನುಭವ ಇದಕ್ಕೆ ಸರಿಯಾದ ಉದಾಹರಣೆ. ಹಿಂದಿನ ವರ್ಷ ಬೇಳೆಯ ಚಿಲ್ಲರೆ ದರ ಕಿಲೋಗೆ 200 ರೂಪಾಯಿಯ ಹತ್ತಿರ ಹೋಗಿದ್ದನ್ನು ಕಂಡು ಎಲ್ಲರೂ ತೊಗರಿ ಬಿತ್ತಿದರು, ಮಳೆಯೂ ಕೂಡಿಬಂತು, ದೇಶದ ಉತ್ಪಾದನೆ 25.6 ಲಕ್ಷ ಟನ್‌ನಿಂದ 48.7 ಲಕ್ಷ ಟನ್‌ಗೆ ಏರಿತು; ದರ ಅಂದಿನ ಬೆಂಬಲ ಬೆಲೆಯಾದ 5,050 ರೂಪಾಯಿಗಿಂತ ಕೆಳಗೆ ಬಿತ್ತು. ರಾಶಿಗೆ ಮುಂಚೆ, 2016ರ ನವೆಂಬರ್ 8ರಂದು, ದೊಡ್ಡ ನೋಟುಗಳು ರದ್ದಾಗಿದ್ದರಿಂದ ಅಡತಿ ಅಂಗಡಿಗಳಲ್ಲಿ ನಗದು ಸಿಗುವುದೂ ಕಷ್ಟವಾಯಿತು. ಸಮೃದ್ಧ ಬೆಳೆಯೇ ಆಘಾತವಾಗಬಲ್ಲದು ಎಂಬುದನ್ನು ಹಲವರು ಆ ವರ್ಷ ಕಂಡರು. ಒಂದು ಲೆಕ್ಕ ಹಾಕಿ ನೋಡಬಹುದು: ಐದು ಎಕರೆಯಲ್ಲಿ ಎಕರೆಗೆ ನಾಲ್ಕು ಕ್ವಿಂಟಲ್ ಬಂದರೆ ಇಪ್ಪತ್ತು ಕ್ವಿಂಟಲ್, ಕ್ವಿಂಟಲ್‌ಗೆ 1,000 ರೂಪಾಯಿ ಇಳಿದರೆ ಮನೆಗೆ 20,000 ರೂಪಾಯಿ ನಷ್ಟ. ಬೆಳೆದದ್ದರಲ್ಲಿ ಏನೂ ಕೊರತೆಯಾಗದೆ ಆದ ನಷ್ಟವಾದ್ದರಿಂದ ಇದಕ್ಕೆ ವಿಮೆಯೂ ಇಲ್ಲ, ಪರಿಹಾರವೂ ಇಲ್ಲ.

ಬೆಂಬಲ ಬೆಲೆ ಇದ್ದರೂ ರೈತರು ಕಡಿಮೆ ದರಕ್ಕೆ ಏಕೆ ಮಾರುತ್ತಾರೆ?

ಕಾಯಲು ಆಗದ ಕಾರಣ. 2024-25ರಲ್ಲಿ ತೊಗರಿಯ ಬೆಂಬಲ ಬೆಲೆ 7,550 ರೂಪಾಯಿ ಇತ್ತು, ರಾಜ್ಯ ಸರ್ಕಾರ ಅದರ ಮೇಲೆ 450 ರೂಪಾಯಿ ಪ್ರೋತ್ಸಾಹಧನ ಸೇರಿಸಿತು. 2025-26ಕ್ಕೆ ಬೆಂಬಲ ಬೆಲೆಯೇ 8,000 ರೂಪಾಯಿ ಆಯಿತು. ಆದರೆ ಖರೀದಿ ಕೇಂದ್ರ ತೆರೆದು, ನೋಂದಣಿಯಾಗಿ, ಸರದಿ ಬಂದು, ತೂಕವಾಗಿ, ಹಣ ಖಾತೆಗೆ ಜಮೆಯಾಗುವವರೆಗೆ ವಾರಗಳು ಕಳೆಯುತ್ತವೆ. ಅಷ್ಟರಲ್ಲಿ ಕೊಯ್ಲಿನ ಕೂಲಿ, ಸಂಘದ ಕಂತು, ಬಡ್ಡಿ, ಯಾವುದೋ ಮದುವೆ ಬಾಗಿಲಿಗೆ ಬಂದಿರುತ್ತವೆ. ಬಿತ್ತನೆಗೆ ಹಣ ಕೊಟ್ಟ ಅಂಗಡಿಗೇ ಮಾಲು ತರಬೇಕೆಂಬ ಮಾತೂ ಹಲವು ಕಡೆ ಇರುತ್ತದೆ. ಉಗ್ರಾಣದಲ್ಲಿ ಮಾಲಿಟ್ಟು ರಸೀದಿಯ ಮೇಲೆ ಸಾಲ ಪಡೆಯುವ ವ್ಯವಸ್ಥೆ ಇದೆ; ಇಪ್ಪತ್ತು ಕ್ವಿಂಟಲ್ ಇರುವವರಿಗೆ ಅದು ಪ್ರಯೋಜನಕಾರಿ, ನಾಲ್ಕು ಕ್ವಿಂಟಲ್ ಇರುವವರು ಒಬ್ಬೊಬ್ಬರೇ ಹೋದರೆ ಗಾಡಿ ಬಾಡಿಗೆಯೇ ಹೊರೆಯಾಗುತ್ತದೆ. ರೈತ ಉತ್ಪಾದಕರ ಕಂಪನಿಗಳು ಈ ಒಂದು ಕೆಲಸವನ್ನು ಸರಿಯಾಗಿ ಮಾಡಿದರೂ ಅವುಗಳ ಅಸ್ತಿತ್ವ ಸಾರ್ಥಕ.

ನೀರಾವರಿ ಇರುವ ಶಹಾಪುರ, ಸುರಪುರದ ಕಡೆ ಈ ತೊಂದರೆ ಇಲ್ಲವಲ್ಲ?

ಇದೆ, ರೂಪ ಬೇರೆ. ನಾರಾಯಣಪುರದ ಬಸವಸಾಗರದಿಂದ ಕಾಲುವೆ ನೀರು ಬರುವ ಹಳ್ಳಿಗಳಲ್ಲಿ ಬರದ ಭಯ ಕಡಿಮೆ. ಆದರೆ ಭತ್ತ, ಹತ್ತಿ, ಮೆಣಸಿನಕಾಯಿಗೆ ಎಕರೆಗೆ ಹಾಕುವ ಬಂಡವಾಳ ತೊಗರಿಯದಕ್ಕಿಂತ ಹಲವು ಪಟ್ಟು. ಬೆಳೆ ಸೋತರೆ ಬೀಳುವ ಎತ್ತರವೂ ಅಷ್ಟೇ ಹೆಚ್ಚು. ಕಾಲುವೆಯ ಕೊನೆಯಂಚಿನ ಹೊಲಗಳಿಗೆ ನೀರು ತಲುಪದ ವರ್ಷಗಳಲ್ಲಿ ಅವರ ಖರ್ಚು ನೀರಾವರಿಯದು, ಫಸಲು ಒಣಬೇಸಾಯದ್ದು. ಬೀದರ್‌ನ ಕಬ್ಬಿನ ಬೆಳೆಗಾರರಿಗೆ ನೀರಿನಷ್ಟೇ ಕಾರ್ಖಾನೆಯ ಬಾಕಿಯೂ ಚಿಂತೆ.

ಹೊಡೆತ ಬಿದ್ದಾಗ ಕುಟುಂಬಗಳು ಮೊದಲು ಏನು ಮಾಡುತ್ತವೆ?

ಬಹುತೇಕ ಮನೆಗಳಲ್ಲಿ ಮೊದಲು ಕಡಿತವಾಗುವುದು ಊಟದ ತಟ್ಟೆ. ರೊಟ್ಟಿಯ ಲೆಕ್ಕ ತಪ್ಪುವುದಿಲ್ಲ. ಬೇಳೆ, ಹಾಲು, ಕಾಯಿಪಲ್ಲೆ, ಮೊಟ್ಟೆ ತೆಳ್ಳಗಾಗುತ್ತವೆ, ಅದರಲ್ಲೂ ಕೊನೆಗೆ ಉಣ್ಣುವ ಹೆಣ್ಣುಮಕ್ಕಳ ಪಾಲಿಗೆ. ಅನಂತರ ಕೈಗಡ, ಆಮೇಲೆ ಬಂಗಾರ ಒತ್ತೆ, ಬಳಿಕ ಕುರಿ ಮೇಕೆ, ಆನಂತರ ಹಾಲು ಕೊಡುವ ದನ. ಇಲ್ಲಿಯವರೆಗಿನ ಹೆಜ್ಜೆಗಳನ್ನು ಒಂದೆರಡು ಒಳ್ಳೆಯ ಹಂಗಾಮು ಬಂದರೆ ಹಿಂದಕ್ಕೆ ಪಡೆಯಬಹುದು. ಮುಂದಿನವುಗಳನ್ನು ಪಡೆಯುವುದು ಕಷ್ಟ: ಉಳುವ ಎತ್ತಿನ ಮಾರಾಟ, ಏಳನೆಯ ಎಂಟನೆಯ ತರಗತಿಯ ಮಗುವನ್ನು ಶಾಲೆ ಬಿಡಿಸುವುದು, ಹುಡುಗಿಯ ಮದುವೆಯನ್ನು ಅವಸರದಲ್ಲಿ ಮುಗಿಸುವುದು, ಹೊಲವನ್ನು ಬಾಯಿಮಾತಿನ ಒತ್ತೆಗೆ ಕೊಡುವುದು.

ಎತ್ತಿನ ಉದಾಹರಣೆ ವಿವರವಾಗಿ ನೋಡಬೇಕಾದದ್ದು. ಬರದ ವರ್ಷ ಮೇವು ಇಲ್ಲದೆ ಎಲ್ಲರೂ ಒಟ್ಟಿಗೆ ದನದ ಸಂತೆಗೆ ಹೊಡೆದುಕೊಂಡು ಹೋಗುವುದರಿಂದ ದರ ಬಿದ್ದಿರುತ್ತದೆ. ಮರುವರ್ಷ ಮಳೆಯಾದಾಗ ಎಲ್ಲರಿಗೂ ಎತ್ತು ಬೇಕಾಗಿ ದರ ಏರಿರುತ್ತದೆ. ಮಾರಿದವರು ಬಾಡಿಗೆ ಟ್ರ್ಯಾಕ್ಟರಿಗೆ ಸರದಿ ಕಾಯಬೇಕು, ಹದ ತಪ್ಪುತ್ತದೆ, ಬಿತ್ತನೆ ತಡವಾಗುತ್ತದೆ, ಇಳುವರಿ ಕುಗ್ಗುತ್ತದೆ. ಹೀಗೆ ಒಂದು ಹಂಗಾಮಿನ ನಷ್ಟ ಮುಂದಿನ ಹಂಗಾಮಿನ ಫಸಲನ್ನೂ ತಿನ್ನುತ್ತದೆ. ಆದ್ದರಿಂದ ನೆರವು ಎಷ್ಟು ಬಂತು ಎನ್ನುವುದಕ್ಕಿಂತ ಎತ್ತು ಹಟ್ಟಿಯಲ್ಲಿರುವಾಗ ಬಂತೋ, ಮಾರಿದ ಮೇಲೆ ಬಂತೋ ಎಂಬುದೇ ನಮ್ಮ ಅಭಿಪ್ರಾಯದಲ್ಲಿ ಮುಖ್ಯ ಪ್ರಶ್ನೆ. ಜನವರಿಯಲ್ಲಿ ಸಿಗುವ ಮೇವು ಮತ್ತು ಮೂರು ಸಾವಿರ ರೂಪಾಯಿ, ಜೂನ್‌ನಲ್ಲಿ ಸಿಗುವ ಹತ್ತು ಸಾವಿರಕ್ಕಿಂತ ಹೆಚ್ಚು ಉಳಿಸಬಲ್ಲವು.

ನಮ್ಮ ಹೊಲ ಪೂರ್ತಿ ಹಾಳಾಯಿತು, ವಿಮೆ ಕಂತನ್ನೂ ಕಟ್ಟಿದ್ದೆವು. ಆದರೂ ಹಣ ಬರಲಿಲ್ಲವೇಕೆ?

ಅತಿ ಹೆಚ್ಚು ಬಾರಿ ಬರುವ ಪ್ರಶ್ನೆ ಇದು, ಮತ್ತು ಕೇಳುವವರ ಸಿಟ್ಟಿಗೆ ಕಾರಣವಿದೆ. 2016ರ ಮುಂಗಾರಿನಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತರ ಪಾಲಿನ ಕಂತು ವಿಮಾ ಮೊತ್ತದ ಮೇಲೆ ಮುಂಗಾರಿಗೆ ಶೇ 2, ಹಿಂಗಾರಿಗೆ ಶೇ 1.5, ವಾರ್ಷಿಕ ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ 5. ಆದರೆ ಸಾಮಾನ್ಯ ನಷ್ಟದ ಲೆಕ್ಕವನ್ನು ನಿಮ್ಮ ಹೊಲಕ್ಕೆ ಹಾಕುವುದಿಲ್ಲ, ಇಡೀ ವಿಮಾ ಘಟಕಕ್ಕೆ ಹಾಕುತ್ತಾರೆ: ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ, ಉಳಿದವುಗಳಿಗೆ ಹೋಬಳಿ. ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದು ವರ್ಷಗಳ ಸರಾಸರಿ ಇಳುವರಿಯನ್ನು ತೆಗೆದುಕೊಂಡು, ಅದಕ್ಕೆ ನಿಗದಿತ ಶೇಕಡಾವಾರು ಹಚ್ಚಿ ಪ್ರಾರಂಭಿಕ ಇಳುವರಿಯನ್ನು ಗೊತ್ತುಮಾಡುತ್ತಾರೆ; ಆಯ್ದ ಹೊಲಗಳಲ್ಲಿ ನಡೆಸುವ ಬೆಳೆ ಕಟಾವು ಪ್ರಯೋಗದಲ್ಲಿ ಬಂದ ಇಳುವರಿ ಅದಕ್ಕಿಂತ ಎಷ್ಟು ಕಡಿಮೆಯೋ ಆ ಪ್ರಮಾಣದಲ್ಲಿ ಹಣ ಬರುತ್ತದೆ.

ಲೆಕ್ಕ ತಿಳಿಯಲು ಒಂದು ಊಹೆ: ಪಂಚಾಯಿತಿಯ ಪ್ರಾರಂಭಿಕ ಇಳುವರಿ ಎಕರೆಗೆ ಐದು ಕ್ವಿಂಟಲ್, ಪ್ರಯೋಗದಲ್ಲಿ ಬಂದದ್ದು ನಾಲ್ಕು, ವಿಮಾ ಮೊತ್ತ 20,000 ರೂಪಾಯಿ ಎಂದುಕೊಳ್ಳಿ. ಕೊರತೆ ಐದನೆಯ ಒಂದು ಭಾಗ. ಆದ್ದರಿಂದ ಆ ಪಂಚಾಯಿತಿಯ ಪ್ರತಿ ವಿಮಾದಾರರಿಗೂ ಎಕರೆಗೆ 4,000 ರೂಪಾಯಿ. ನಿಮ್ಮ ಹೊಲದಲ್ಲಿ ಒಂದು ಕಾಳೂ ಬಾರದಿದ್ದರೂ ಅಷ್ಟೇ, ಪಕ್ಕದವರಿಗೆ ಆರು ಕ್ವಿಂಟಲ್ ಬಂದಿದ್ದರೂ ಅಷ್ಟೇ. ಪ್ರಯೋಗದಲ್ಲಿ ಐದು ಕ್ವಿಂಟಲ್ ಬಂದಿದ್ದರೆ ಯಾರಿಗೂ ಇಲ್ಲ.

ಸ್ವಂತ ಹೊಲದ ನಷ್ಟವನ್ನು ಪರಿಗಣಿಸುವ ಸಂದರ್ಭಗಳು ಕೆಲವೇ. ಆಲಿಕಲ್ಲು, ಹೊಲ ಜಲಾವೃತವಾಗುವುದು, ಮೇಘಸ್ಫೋಟ, ಸಿಡಿಲಿನ ಬೆಂಕಿ ಇವು ಸ್ಥಳೀಯ ವಿಪತ್ತುಗಳು. ಕೊಯ್ದು ಹೊಲದಲ್ಲಿ ಹರಡಿದ ಬೆಳೆ ಹದಿನಾಲ್ಕು ದಿನಗಳೊಳಗೆ ಅಕಾಲ ಮಳೆಗೆ ಸಿಕ್ಕರೆ ಅದೂ ಸೇರುತ್ತದೆ. ಇವೆರಡಕ್ಕೂ ನಷ್ಟವಾದ 72 ಗಂಟೆಗಳೊಳಗೆ ವಿಮಾ ಸಂಸ್ಥೆಗೆ, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ದೂರು ಕೊಡಲೇಬೇಕು. 14447 ಸಂಖ್ಯೆಗೆ ಕರೆ ಮಾಡಿಯೂ ಕೊಡಬಹುದು. ನೀರು ಇಳಿದ ಮೇಲೆ ನೋಡೋಣ ಎಂದು ಕಾದವರು ಹಕ್ಕನ್ನೇ ಕಳೆದುಕೊಳ್ಳುತ್ತಾರೆ. ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ದಿನಾಂಕ ಕಾಣುವಂತೆ ಹೊಲದ ಫೋಟೊ ತೆಗೆದಿಡಿ. ಇನ್ನೊಂದು ಸಾಮಾನ್ಯ ತೊಡಕು, ವಿಮೆಯಲ್ಲಿ ಬರೆಸಿದ ಬೆಳೆ ಒಂದು, ಬೆಳೆ ಸಮೀಕ್ಷೆಯಲ್ಲಿ ದಾಖಲಾದದ್ದು ಇನ್ನೊಂದು. ಹಾಗಾದರೆ ಕ್ಲೇಮು ತಿರಸ್ಕೃತವಾಗಬಹುದು.

ಬೆಳೆ ವಿಮೆ, ಬೆಳೆ ಪರಿಹಾರ ಎರಡೂ ಒಂದೆಯೇ?

ಅಲ್ಲ. ವಿಮೆ ಕಂತು ಕಟ್ಟಿದವರ ಹಕ್ಕು. ಪರಿಹಾರವು ವಿಪತ್ತು ಘೋಷಣೆಯಾದ ಮೇಲೆ ಸರ್ಕಾರ ಕೊಡುವ ಸಹಾಯಧನ. 2022ರಿಂದ 2026ರವರೆಗಿನ ವಿಪತ್ತು ಪರಿಹಾರ ಮಾರ್ಗಸೂಚಿಯಂತೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ನಷ್ಟವಾದ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಎರಡು ಹೆಕ್ಟೇರ್ ಮಿತಿಯೊಳಗೆ. 2025ರ ಪ್ರವಾಹದ ಬಳಿಕ ರಾಜ್ಯ ಸರ್ಕಾರ ಹೆಕ್ಟೇರಿಗೆ ಇನ್ನೂ 8,500 ರೂಪಾಯಿ ಸೇರಿಸುವುದಾಗಿ ಪ್ರಕಟಿಸಿತು. ಮೂಲ ದರದಲ್ಲಿ ಒಣಬೇಸಾಯದ ಒಂದು ಎಕರೆಗೆ ಸಿಗುವುದು ಸುಮಾರು 3,440 ರೂಪಾಯಿ. ಬೀಜ, ಗೊಬ್ಬರ, ಔಷಧ, ಕಳೆ ತೆಗೆಸುವ ಕೂಲಿ ಇವುಗಳ ಖರ್ಚು ತಿಳಿದವರಿಗೆ ಇದು ನಷ್ಟವನ್ನು ತುಂಬುವ ಮೊತ್ತವಲ್ಲ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಸತ್ತ ಹಾಲಿನ ದನಕ್ಕೆ 37,500, ಉಳುವ ಎತ್ತಿಗೆ 32,000, ಕುರಿ ಮೇಕೆಗೆ 4,000 ರೂಪಾಯಿ ಎಂಬುದು ಅದೇ ಮಾರ್ಗಸೂಚಿಯ ದರ. ಇದಕ್ಕೆ ಪಶುವೈದ್ಯರ ದೃಢೀಕರಣ ಬೇಕಾದ್ದರಿಂದ ಹೂಳುವ ಮುನ್ನ ತಿಳಿಸಬೇಕು.

ಲಾವಣಿಗೆ (ಗೇಣಿಗೆ) ಹೊಲ ಮಾಡುವವರಿಗೆ ಇವುಗಳಲ್ಲಿ ಯಾವುದು ಸಿಗುತ್ತದೆ?

ಕಾಗದದ ಮೇಲೆ ಸ್ವಲ್ಪ, ವಾಸ್ತವದಲ್ಲಿ ಬಹುತೇಕ ಏನೂ ಇಲ್ಲ. ಪರಿಹಾರವು ಪಹಣಿಯಲ್ಲಿ ಹೆಸರಿರುವವರ ಖಾತೆಗೆ ಹೋಗುತ್ತದೆ. ಹೊಲದ ಒಡೆಯರು ಕಲಬುರಗಿಯಲ್ಲೋ ಪುಣೆಯಲ್ಲೋ ಇದ್ದು, ಮಳೆ ಮತ್ತು ರೋಗದ ನಷ್ಟವನ್ನೆಲ್ಲ ಲಾವಣಿದಾರರು ಹೊತ್ತು, ಮುಂಗಡ ಹಣವನ್ನೂ ಕೊಟ್ಟಾಗಿರುತ್ತದೆ. ವಿಮೆಯ ನಿಯಮ ಗೇಣಿದಾರರಿಗೂ ಅವಕಾಶ ಕೊಡುತ್ತದೆ, ಆದರೆ ಲಿಖಿತ ಕರಾರು ಬೇಕು. ಗೇಣಿದಾರರಿಗೆ ಹಕ್ಕು ಹುಟ್ಟೀತೆಂಬ ಅಂಜಿಕೆಯಿಂದ ಒಡೆಯರು ಕರಾರು ಬರೆದುಕೊಡುವುದಿಲ್ಲ. ಪರಿಹಾರ ಬಂದರೆ ಲಾವಣಿಯಲ್ಲಿ ಅಷ್ಟನ್ನು ಮುರಿದುಕೊಳ್ಳಬೇಕೆಂದು ಬಿತ್ತನೆಗೆ ಮುನ್ನವೇ ನಾಲ್ಕು ಜನರೆದುರು ಮಾತಾಡಿಕೊಳ್ಳುವ ರೂಢಿ ಕೆಲವು ಊರುಗಳಲ್ಲಿದೆ. ಕಾನೂನಿನ ಬಲ ಇಲ್ಲದಿದ್ದರೂ ಅದು ಏನೂ ಇಲ್ಲದಿರುವುದಕ್ಕಿಂತ ಮೇಲು.

ಗುಳೆ ಹೋಗುವುದನ್ನು ಸಂಕಟವೆನ್ನಬೇಕೇ, ಜಾಣತನವೆನ್ನಬೇಕೇ?

ಎರಡೂ ಇವೆ, ಬೇರ್ಪಡಿಸುವ ಗುರುತು ಮುಂಗಡ. ತೊಗರಿ ರಾಶಿ ಮುಗಿಸಿ, ಪರಿಚಯದ ಮೇಸ್ತ್ರಿಯೊಡನೆ ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ, ಯುಗಾದಿಗೆ ಹಣ ತರುವ ಯುವಕರದು ಯೋಜಿತ ದುಡಿಮೆ. ಬೆಳೆ ಸೋತ ಮೇಲೆ ಮುಕಾದಮನಿಂದ (ಕೂಲಿಕಾರರನ್ನು ಒದಗಿಸುವ ಗುತ್ತಿಗೆದಾರನಿಂದ) ಮುಂಗಡ ಪಡೆದು, ಮುದುಕರನ್ನು ತಾಂಡಾದಲ್ಲಿ ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ಮಹಾರಾಷ್ಟ್ರದ ಕಬ್ಬಿನ ಗದ್ದೆಗೆ ಹೋಗುವ ದಂಪತಿಗಳದು ಬೇರೆ ಕತೆ: ಅವರ ಮುಂದಿನ ಆರು ತಿಂಗಳ ಕೂಲಿ ಆಗಲೇ ಖರ್ಚಾಗಿರುತ್ತದೆ.

ಕಾರ್ಮಿಕರನ್ನು ಕಳಿಸುವ ಊರು, ಕರೆಸಿಕೊಳ್ಳುವ ಊರು ಎರಡೂ ಒಟ್ಟಿಗೆ ನಿಂತಾಗ ಏನಾಗುತ್ತದೆ ಎಂಬುದನ್ನು 2020 ತೋರಿಸಿತು. ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲೇ ದಾಖಲಾದದ್ದು ಆ ವರ್ಷದ ಮಾರ್ಚ್‌ನಲ್ಲಿ. ಲಾಕ್‌ಡೌನ್ ಬಳಿಕ ಮುಂಬೈ, ಪುಣೆಗಳಿಂದ ಸಾವಿರಾರು ಜನ ಬರಿಗೈಯಲ್ಲಿ ಮರಳಿದರು. ಅಕ್ಟೋಬರ್‌ನಲ್ಲಿ ಉಜನಿ ಜಲಾಶಯದ ನೀರೂ ಸೇರಿ ಭೀಮಾ ಉಕ್ಕಿದಾಗ ಅಫಜಲಪುರ, ಜೇವರ್ಗಿ ಕಡೆಯ ಹೊಲಗಳೂ ಮುಳುಗಿದವು. ಹೊರಗಿನ ಕೂಲಿ ನಿಂತಾಗ ಹೊಲ, ಹೊಲ ಸೋತಾಗ ಹೊರಗಿನ ಕೂಲಿ ಎಂಬ ಆಸರೆ ಆ ವರ್ಷ ಎರಡೂ ಕಡೆ ಕಳಚಿತು.

ಹೋಗುವವರು ನೆನಪಿಡಬೇಕಾದದ್ದು ಮೂರು. ಒಂದು ದೇಶ ಒಂದು ಪಡಿತರ ವ್ಯವಸ್ಥೆಯಲ್ಲಿ ಹೋದ ಊರಿನಲ್ಲೂ ರೇಷನ್ ಪಡೆಯಬಹುದು. ವರ್ಷಕ್ಕೆ 90 ದಿನ ಕಟ್ಟಡ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು. ಮುಂಗಡದ ಲೆಕ್ಕವನ್ನು ಒಂದು ಚೀಟಿಯಲ್ಲಾದರೂ ಬರೆಸಿಕೊಳ್ಳಬೇಕು.

ಉದ್ಯೋಗ ಖಾತ್ರಿ ಇದ್ದೂ ಜನ ಗುಳೆ ಹೋಗುವುದೇಕೆ?

ಕೂಲಿಯ ದರ (2025-26ರಲ್ಲಿ ದಿನಕ್ಕೆ 370 ರೂಪಾಯಿ) ಒಂದು ಕಾರಣ, ಕೂಲಿ ಕೈಗೆ ಬರುವ ವಿಳಂಬ ಅದಕ್ಕಿಂತ ದೊಡ್ಡ ಕಾರಣ. ಬೀದರ್ ಮತ್ತು ಅಂದು ಯಾದಗಿರಿಯನ್ನೂ ಒಳಗೊಂಡಿದ್ದ ಗುಲ್ಬರ್ಗಾ ಜಿಲ್ಲೆಗಳು 2006ರಲ್ಲಿ ಮೊದಲ ಹಂತದಲ್ಲೇ ಈ ಯೋಜನೆಗೆ ಸೇರಿದವು. 2005ರ ಕಾಯ್ದೆಯಂತೆ ಕೆಲಸ ಕೇಳಿದ 15 ದಿನಗಳಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು: ಮೊದಲ 30 ದಿನ ಕೂಲಿಯ ಕಾಲು ಭಾಗ, ಅನಂತರ ಅರ್ಧ. ಹಳ್ಳಿಗಳಲ್ಲಿ ಈ ಹಕ್ಕು ನಡೆಯದಿರುವುದಕ್ಕೆ ಮುಖ್ಯ ಕಾರಣ, ಕೆಲಸದ ಬೇಡಿಕೆಯನ್ನು ಬಾಯಿಮಾತಿನಲ್ಲಿ ಸಲ್ಲಿಸುವುದು. ನಮೂನೆ 6ರ ಲಿಖಿತ ಅರ್ಜಿ ಕೊಟ್ಟು ದಿನಾಂಕವಿರುವ ಸ್ವೀಕೃತಿ ಪಡೆಯದಿದ್ದರೆ 15 ದಿನಗಳ ಎಣಿಕೆ ಶುರುವಾಗುವುದೇ ಇಲ್ಲ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಇದರ ಬದಲಿಗೆ 125 ದಿನಗಳ ಹೊಸ ಕಾಯ್ದೆಯನ್ನು ಅಂಗೀಕರಿಸಿದೆ. ಅದರಲ್ಲಿ ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸಲು ಅವಕಾಶವಿದೆ. ಬಿತ್ತನೆಯೇ ಆಗದ ಬರದ ವರ್ಷದಲ್ಲಿ ಆ 60 ದಿನಗಳನ್ನು ಹೇಗೆ ಎಣಿಸುತ್ತಾರೆ ಎಂಬುದನ್ನು ಪಂಚಾಯಿತಿಗಳು ಈಗಲೇ ಕೇಳಬೇಕು.

ಸಂಘದ ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ಸಾಲ ತೆಗೆಯುತ್ತಿದ್ದೇವೆ. ತಪ್ಪೇ?

ತಪ್ಪು ಸರಿಯ ಮಾತಿಗಿಂತ ಇದನ್ನು ಅಪಾಯದ ಮುನ್ಸೂಚನೆ ಎನ್ನಬೇಕು. ವರ್ಷಕ್ಕೊಮ್ಮೆ ಹಣ ಕಾಣುವ ಒಕ್ಕಲುತನಕ್ಕೆ ವಾರದ ಅಥವಾ ತಿಂಗಳ ಕಂತು ಹೊಂದುವುದಿಲ್ಲ. ರಾಶಿಯಾಗುವವರೆಗೆ ಕಂತು ಕೂಲಿಯಿಂದ ಬರಬೇಕು. ಕೂಲಿ ತಪ್ಪಿದ ವಾರ ಇನ್ನೊಂದು ಸಾಲದಿಂದ. ಖಾಸಗಿಯವರ ಬಳಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ 50,000 ತಂದರೆ ವರ್ಷಕ್ಕೆ ಬಡ್ಡಿಯೇ 18,000 ರೂಪಾಯಿ. ಸಹಕಾರ ಸಂಘದ ಬೆಳೆ ಸಾಲಕ್ಕೆ ರಾಜ್ಯದಲ್ಲಿ 5 ಲಕ್ಷ ರೂಪಾಯಿವರೆಗೆ ಸಕಾಲದಲ್ಲಿ ಕಟ್ಟಿದವರಿಗೆ ಬಡ್ಡಿಯಿಲ್ಲ. ಆದರೆ ಆ ಸಾಲ ಪಹಣಿ ಇರುವವರಿಗೆ, ಅದರಲ್ಲೂ ಹಳೆಯ ಬಾಕಿ ಇಲ್ಲದವರಿಗೆ.

ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ವಾರ್ಷಿಕ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬದ ಕಿರುಸಾಲಕ್ಕೆ ಅಡಮಾನ ಕೇಳುವಂತಿಲ್ಲ, ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತಿಲ್ಲ, ಬೆಳಿಗ್ಗೆ 9ಕ್ಕೆ ಮುಂಚೆ ಮತ್ತು ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ. ರಾಜ್ಯದ 2025ರ ಕಿರುಸಾಲ ಕಾನೂನು, ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯಾಗಿ ಜಾರಿಗೆ ಬಂದದ್ದು, ಮುಖ್ಯವಾಗಿ ನೋಂದಣಿಯಿಲ್ಲದೆ ಸಾಲ ಕೊಡುವವರನ್ನು ಉದ್ದೇಶಿಸಿದ್ದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು ಮತ್ತು 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಮನೆ ಬಾಗಿಲಿಗೆ ಬೀಗ ಹಾಕುವುದು, ಸಾಮಾನು ಹೊರಗಿಡುವುದು ಯಾವ ಸಾಲಕ್ಕೂ ಕಾನೂನುಸಮ್ಮತವಲ್ಲ.

ಬೀದರ್‌ಗೆ ಈ ವಿಷಯದಲ್ಲಿ ಬೇರೆಯದೇ ಪರಂಪರೆ ಇದೆ ಎಂಬುದನ್ನು ಮರೆಯಬಾರದು. ಅಲ್ಲಿನ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕು 1990ರ ದಶಕದಲ್ಲೇ ಮಹಿಳಾ ಸ್ವಸಹಾಯ ಗುಂಪುಗಳನ್ನು ಕಟ್ಟಿ, ಮೊದಲು ಉಳಿತಾಯ, ಅನಂತರ ಆಂತರಿಕ ಸಾಲ, ಆಮೇಲೆ ಬ್ಯಾಂಕ್ ಸಾಲ ಎಂಬ ಕ್ರಮದಲ್ಲಿ ಬೆಳೆಸಿತು. ಗುಂಪಿನ ಸ್ವಂತ ಉಳಿತಾಯ ಇದ್ದಾಗ ಕಷ್ಟದ ತಿಂಗಳಲ್ಲಿ ಕಂತು ಮುಂದೂಡುವ ತೀರ್ಮಾನ ಸದಸ್ಯೆಯರ ಕೈಯಲ್ಲಿರುತ್ತದೆ. ಹೊರಗಿನ ಸಂಸ್ಥೆಯ ಗುಂಪುಸಾಲದಲ್ಲಿ ಇರುವುದಿಲ್ಲ.

ಬೆಳೆ ಚೆನ್ನಾಗಿದ್ದೂ ಕುಟುಂಬ ಮುರಿಯುವುದಕ್ಕೆ ಕಾರಣವೇನು?

ಹೆಚ್ಚಾಗಿ ಕಾಯಿಲೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಆದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಸೌಲಭ್ಯವಿಲ್ಲದಿದ್ದರೆ ಶಿಫಾರಸು ಪಡೆದು ಮುಂದೆ ಹೋಗಬೇಕು. ತುರ್ತು ಸಂದರ್ಭಕ್ಕೆ ವಿನಾಯಿತಿ ಇದೆ. ಗಾಬರಿಯಲ್ಲಿ ನೇರವಾಗಿ ಸೋಲಾಪುರಕ್ಕೋ ಹೈದರಾಬಾದಿಗೋ ಓಡಿದವರು ಲಕ್ಷಗಟ್ಟಲೆ ಸಾಲ ಹೊತ್ತು ಮರಳುತ್ತಾರೆ. ಯೋಜನೆ ಆಸ್ಪತ್ರೆಯ ಬಿಲ್ಲನ್ನು ನೋಡಿಕೊಂಡರೂ ಗಾಡಿ ಬಾಡಿಗೆ, ಜೊತೆಗಿದ್ದವರ ಊಟ, ತಪ್ಪಿದ ಕೂಲಿ ಮನೆಯ ಮೇಲೇ ಬೀಳುತ್ತವೆ. ದುಡಿಯುವವರು ತೀರಿಕೊಂಡರೆ ಉಪಯೋಗವಾಗುವುದು ಬ್ಯಾಂಕ್ ಖಾತೆಯ ಮೂಲಕ ವರ್ಷಕ್ಕೆ 20 ರೂಪಾಯಿ ಮತ್ತು 436 ರೂಪಾಯಿಯ ಎರಡು ವಿಮೆಗಳು (ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮತ್ತು ಜೀವನ್ ಜ್ಯೋತಿ ಬಿಮಾ): ಮೊದಲನೆಯದು ಅಪಘಾತದ ಸಾವಿಗೆ, ಎರಡನೆಯದು ಯಾವುದೇ ಸಾವಿಗೆ, ತಲಾ 2 ಲಕ್ಷ. ಕಂತು ಪ್ರತಿ ಮೇ ತಿಂಗಳ ಕೊನೆಯಲ್ಲಿ ಖಾತೆಯಿಂದ ಕಡಿತವಾಗುತ್ತದೆ. ಬಿತ್ತನೆಗೆಂದು ಖಾತೆ ಬರಿದಾಗುವುದೂ ಆಗಲೇ.

ಗೃಹಲಕ್ಷ್ಮಿ, ಅನ್ನಭಾಗ್ಯ ಇವು ಆಘಾತ ತಡೆಯುತ್ತವೆಯೇ?

ಆಘಾತವನ್ನು ತಡೆಯುವುದಿಲ್ಲ, ಮೆಟ್ಟಿಲು ಜಾರುವ ವೇಗವನ್ನು ತಗ್ಗಿಸುತ್ತವೆ. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ ದೊಡ್ಡ ಮೊತ್ತವಲ್ಲ. ಆದರೆ ಅದು ಮಳೆಗೂ ತೊಗರಿ ದರಕ್ಕೂ ಸಂಬಂಧವಿಲ್ಲದೆ ಬರುವ ಹಣ, ಅದೂ ಮನೆಯ ಯಜಮಾನಿಯ ಖಾತೆಗೆ. ಬರದ ತಿಂಗಳಲ್ಲಿ ಅಕ್ಕಿ ಮತ್ತು ಈ ಹಣ ಇದ್ದರೆ ಕುರಿ ಮಾರುವುದನ್ನು ಒಂದು ತಿಂಗಳು ಮುಂದೂಡಬಹುದು. ಎರಡು ಮೂರು ತಿಂಗಳ ಹಣ ಕೂಡಿ ಒಮ್ಮೆಲೇ ಬಂದರೆ ಈ ಗುಣವೇ ಹೋಗುತ್ತದೆ. ಮೊತ್ತ ಅಷ್ಟೇ ಇದ್ದರೂ ಭರವಸೆ ಇರುವುದಿಲ್ಲ.

ನಮ್ಮ ಪಂಚಾಯಿತಿ ಯಾವ ಮನೆಗಳನ್ನು ಮೊದಲು ನೋಡಬೇಕು?

ಪಡಿತರ ಚೀಟಿಯ ಬಣ್ಣಕ್ಕಿಂತ ಈ ಪ್ರಶ್ನೆಗಳು ಹೆಚ್ಚು ತಿಳಿಸುತ್ತವೆ: ದುಡಿಯುವವರು ಒಬ್ಬರೇ ಇದ್ದಾರೆಯೇ, ಆದಾಯ ಒಂದೇ ಬೆಳೆಯದೇ, ಮನೆಯಲ್ಲಿ ದೀರ್ಘ ಕಾಯಿಲೆ ಇದೆಯೇ, ಕಂತು ಕಟ್ಟುವ ಸಾಲ ಎಷ್ಟು ಕಡೆ ಇದೆ, ಹೊಲ ಮಾಡುವವರ ಹೆಸರಿನಲ್ಲೇ ಪಹಣಿ ಇದೆಯೇ. ಗಂಡ ತೀರಿದ ಮೇಲೂ ಮಾವನ ಹೆಸರಿನಲ್ಲೇ ಪಹಣಿ ಉಳಿದಿರುವ ವಿಧವೆಯರು, ಭೂಮಿಯಿಲ್ಲದ ದಲಿತ ಕುಟುಂಬಗಳು, ತಾಂಡಾಗಳಲ್ಲಿ ಮೊಮ್ಮಕ್ಕಳನ್ನು ನೋಡಿಕೊಳ್ಳುವ ಒಂಟಿ ಮುದುಕರು ಯಾವ ಪರಿಹಾರದ ಪಟ್ಟಿಯಲ್ಲೂ ಸುಲಭವಾಗಿ ಕಾಣಿಸುವುದಿಲ್ಲ. ಪೌತಿ ಖಾತೆ ಮಾಡಿಸಿಕೊಡುವುದು, ಅಂದರೆ ತೀರಿಕೊಂಡವರ ಹೆಸರಿನ ಪಹಣಿಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು, ಕಂದಾಯ ಇಲಾಖೆಯ ಸಾಮಾನ್ಯ ಕೆಲಸವೆನಿಸಿದರೂ, ಒಬ್ಬ ವಿಧವೆಗೆ ಅದರಿಂದ ಬೆಳೆ ಸಾಲ, ವಿಮೆ, ಪರಿಹಾರ, ಬೆಂಬಲ ಬೆಲೆಯ ಖರೀದಿ ನಾಲ್ಕೂ ಬಾಗಿಲು ತೆರೆಯುತ್ತವೆ.

ಮುಂಗಾರಿಗೆ ಮುನ್ನ ಒಂದು ಕುಟುಂಬ ಏನೇನು ಸಿದ್ಧ ಮಾಡಿಕೊಳ್ಳಬೇಕು?

ಮೇ ತಿಂಗಳಲ್ಲಿ ಫ್ರೂಟ್ಸ್ (ರಾಜ್ಯದ ರೈತರ ನೋಂದಣಿ) ಗುರುತಿನ ಸಂಖ್ಯೆಯಲ್ಲಿ ಎಲ್ಲ ಸರ್ವೆ ನಂಬರುಗಳು ಸೇರಿವೆಯೇ, ಆಧಾರ್ ಜೋಡಣೆಯಾದ ಖಾತೆ ಚಾಲ್ತಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ನೆಟೆ ರೋಗ ಬಂದ ಹೊಲದಲ್ಲಿ ಮತ್ತೆ ತೊಗರಿ ಬಿತ್ತದೆ ಜೋಳದಂಥ ಬೆಳೆಗೆ ಬದಲಿಸುವುದು, ಬಿತ್ತಲೇಬೇಕಾದರೆ ರೋಗ ತಡೆಯುವ ತಳಿಯನ್ನು ಟ್ರೈಕೋಡರ್ಮಾ ಎಂಬ ಜೈವಿಕ ಶಿಲೀಂಧ್ರದಿಂದ ಬೀಜೋಪಚಾರ ಮಾಡಿ ಬಿತ್ತುವುದು ಕಡಿಮೆ ಖರ್ಚಿನ ರಕ್ಷಣೆ. ತೊಗರಿ ಸಾಲಿನ ನಡುವೆ ಹೆಸರು ಅಥವಾ ಉದ್ದು ಹಾಕಿದರೆ ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಒಂದಿಷ್ಟು ನಗದು ಬರುತ್ತದೆ. ಕೊಯ್ಲಿಗೆ ಮಳೆ ಸಿಕ್ಕರೆ ಅದು ಹೋಗಬಹುದು, ಆದರೂ ಎರಡೂ ಒಟ್ಟಿಗೆ ಹೋಗುವ ಸಾಧ್ಯತೆ ಕಡಿಮೆ. ವಿಮೆ ಕಂತು ಕಟ್ಟುವ ಕೊನೆಯ ದಿನಾಂಕ ಬೆಳೆಯಿಂದ ಬೆಳೆಗೆ ಬೇರೆಯಾಗಿರುತ್ತದೆ, ಆದ್ದರಿಂದ ಹೆಸರಿಗೂ ತೊಗರಿಗೂ ಒಂದೇ ದಿನ ಎಂದು ಭಾವಿಸಬಾರದು. 2020ರಿಂದ ಬೆಳೆ ಸಾಲ ಪಡೆದವರಿಗೂ ವಿಮೆ ಐಚ್ಛಿಕವಾಗಿರುವುದರಿಂದ, ಬ್ಯಾಂಕಿನವರು ಕಂತು ಮುರಿದುಕೊಂಡಿದ್ದಾರೋ ಇಲ್ಲವೋ ಎಂದು ಪಾಸ್‌ಬುಕ್‌ನಲ್ಲಿ ನೋಡಿ, ರಾಜ್ಯದ ಬೆಳೆ ವಿಮೆಯ ಸಂರಕ್ಷಣೆ ಪೋರ್ಟಲ್‌ನಲ್ಲಿ ಅರ್ಜಿ ಸಂಖ್ಯೆ ಸಿಗುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಬೆಳೆ ಸಮೀಕ್ಷೆಯ ಫೋಟೊವನ್ನು ಸ್ವತಃ ಮೊಬೈಲಿನಲ್ಲಿ ಹಾಕಬಹುದು. ಸಮೀಕ್ಷೆಗೆ ನೇಮಿಸಿದ ಊರಿನ ವ್ಯಕ್ತಿ (ಖಾಸಗಿ ನಿವಾಸಿ) ಬಂದು ಹಾಕಿದ್ದರೆ ಯಾವ ಬೆಳೆ ದಾಖಲಾಗಿದೆ ಎಂದು ಕೇಳಿ, ತಪ್ಪಿದ್ದರೆ ಆಕ್ಷೇಪಣೆಯ ಅವಧಿಯೊಳಗೆ ತಿದ್ದಿಸಬೇಕು.